ಹುಬ್ಬಳ್ಳಿ–ಧಾರವಾಡಕ್ಕೆ ವರ್ಗವಾಗಿ ಬರುವವರಿಗೆ: ಮೊದಲು ನೀರು, ಆಮೇಲೆ ಕಾಗದ

ಮೈಸೂರು, ಬೆಂಗಳೂರು, ತುಮಕೂರು ಕಡೆಯಿಂದ ಹುಬ್ಬಳ್ಳಿ–ಧಾರವಾಡಕ್ಕೆ ಬರುವ ಕುಟುಂಬಗಳು ಒಂದೇ ಕಡೆ ಎಡವುತ್ತವೆ. ಲಾರಿಯಿಂದ ಸಾಮಾನು ಇಳಿದಿರುತ್ತದೆ, ಸಂಪ್ ಖಾಲಿ ಇರುತ್ತದೆ. ಆಧಾರ್ ವಿಳಾಸ ಬದಲಿಸಲು ಹಾಕಿದ ಅರ್ಜಿ ವಾಪಸ್ ಬರುತ್ತದೆ. ಹಳೆಯ ಊರಿನ ಗ್ಯಾಸ್ ಏಜೆನ್ಸಿಗೆ ಮತ್ತೆ ಹೋಗಬೇಕಾಗುತ್ತದೆ. ಮಗುವಿನ ಹೆಸರು ಹಳೆಯ ಶಾಲೆಯಲ್ಲೇ ಉಳಿದಿರುತ್ತದೆ. ಯಾರೂ ಸೋಮಾರಿಗಳಲ್ಲ, ಎಲ್ಲರೂ ಓಡಾಡಿಯೇ ಇರುತ್ತಾರೆ. ಆದರೆ ಮೂರನೆಯದಾಗಿ ಮಾಡಬೇಕಾದದ್ದನ್ನು ಮೊದಲು ಮಾಡಿರುತ್ತಾರೆ. ಅದಕ್ಕೇ ಈ ಬರಹದಲ್ಲಿ ಕ್ರಮಕ್ಕೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಒಳಗಿನ ಸಣ್ಣಪುಟ್ಟ ವಿವರ ನಿಮ್ಮ ಅನುಕೂಲಕ್ಕೆ ತಕ್ಕಂತೆ ಬದಲಾದರೂ ಪರವಾಗಿಲ್ಲ, ಹಂತಗಳನ್ನು ಮಾತ್ರ ಹಿಂದುಮುಂದು ಮಾಡಬೇಡಿ.

## ಕೈಯಲ್ಲಿ ಇರಬೇಕಾದದ್ದು

ಅಳತೆ ಟೇಪು, ಟಾರ್ಚ್, ಉದ್ದದ ನೀರಿನ ಪೈಪು, ಮುಚ್ಚಳವಿರುವ ಎರಡು ಡ್ರಮ್ಮು, ಒಂದು ಇಂಡಕ್ಷನ್ ಒಲೆ. ಒಂದೇ ಫೈಲಿನಲ್ಲಿ ಎಲ್ಲರ ಆಧಾರ್ ಜೆರಾಕ್ಸ್, ಪಾಸ್‌ಪೋರ್ಟ್ ಸೈಜಿನ ಫೋಟೋ, ರೇಷನ್ ಕಾರ್ಡ್, ವೋಟರ್ ಐಡಿ, ಗಾಡಿಯ ಆರ್‌ಸಿ, ಗ್ಯಾಸ್ ಪುಸ್ತಕ. ಈ ಫೈಲು ಲಾರಿಯಲ್ಲಿ ಹೋಗಬಾರದು, ನಿಮ್ಮ ಕೈಚೀಲದಲ್ಲೇ ಬರಬೇಕು.

ಇನ್ನೊಂದು ಮುಖ್ಯ ವಿಷಯ. ಮನೆಯವರ ಆಧಾರ್‌ಗೆ ಜೋಡಿಸಿರುವ ಮೊಬೈಲ್ ನಂಬರ್‌ಗಳು ಈಗಲೂ ಚಾಲ್ತಿಯಲ್ಲಿವೆಯೇ ನೋಡಿಕೊಳ್ಳಿ. ಮುಂದಿನ ಅರ್ಧ ಕೆಲಸ ಒಟಿಪಿ ಮೇಲೆ ನಡೆಯುತ್ತದೆ. ನಂಬರ್ ಬದಲಾಗಿದ್ದರೆ ಮೊದಲು ಅದನ್ನು ಸರಿಮಾಡಿಸಬೇಕು. ಹೊರಡುವ ಮುಂಚೆಯೇ ಮುಗಿಸಿಬಿಡಿ.

## 1. ಮನೆ ನೋಡುವಾಗ ಮೊದಲು ಸಂಪ್ ನೋಡಿ

ಈ ಹಂತವನ್ನು ಹಾರಿಸಿದವರೇ ವರ್ಷದೊಳಗೆ ಮತ್ತೆ ಮನೆ ಬದಲಿಸುವುದು. ಅವಳಿ ನಗರಕ್ಕೆ ನೀರು ಮುಖ್ಯವಾಗಿ ಬರುವುದು ಮಲಪ್ರಭಾ ನದಿಯಿಂದ, ಸವದತ್ತಿ ಹತ್ತಿರದ ರೇಣುಕಾ ಸಾಗರದಿಂದ. ಹುಬ್ಬಳ್ಳಿಯ ಕೆಲವು ಭಾಗಗಳು ನೀರಸಾಗರ ಕೆರೆಯನ್ನೂ ನಂಬಿಕೊಂಡಿವೆ. ಮಳೆ ಕೈಕೊಟ್ಟ ವರ್ಷ ಆ ಕೆರೆ ಬತ್ತುತ್ತದೆ. ಎಷ್ಟೋ ಓಣಿಗಳಲ್ಲಿ ನಳದಲ್ಲಿ ದಿನವೂ ನೀರು ಬರುವುದಿಲ್ಲ. ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ, ಬೇಸಿಗೆಯಲ್ಲಿ ವಾರ ದಾಟುವುದೂ ಇದೆ. ಅದೇ ಊರಿನಲ್ಲಿ ದಿನದ 24 ಗಂಟೆ ನೀರು ಬರುವ ವಾರ್ಡ್‌ಗಳೂ ಇವೆ. ಎರಡು ರಸ್ತೆಗಳ ನಡುವೆಯೇ ಈ ವ್ಯತ್ಯಾಸ ಇರಬಹುದು. ಅದಕ್ಕೇ ಬಡಾವಣೆಯ ಹೆಸರು ಕೇಳಿ ತೀರ್ಮಾನ ಮಾಡಬೇಡಿ, ಆ ಮನೆಯ ನಳದ ಬಗ್ಗೆಯೇ ಕೇಳಿ.

ಲೆಕ್ಕ ಸುಲಭ. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಸರ್ಕಾರಿ ಯೋಜನೆಗಳ ಅಳತೆ. ಕೈ ಹಿಡಿದು ಬಳಸಿದರೆ 100 ಲೀಟರ್‌ನಲ್ಲಿ ನಡೆಯುತ್ತದೆ. ನಾಲ್ಕು ಜನರ ಮನೆಗೆ ಎಂಟು ದಿನಕ್ಕೆ 3,200 ಲೀಟರ್ ಬೇಕು. ಇನ್ನು ಸಂಪಿನ ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿ. ಅಷ್ಟು ಲೀಟರ್ ನೀರು ಹಿಡಿಯುತ್ತದೆ. 6 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳದ ಸಂಪ್ ಎಂದುಕೊಳ್ಳಿ. ಬಾಯಿಮಟ್ಟ ತುಂಬುವುದಿಲ್ಲವಾದ್ದರಿಂದ ಆಳವನ್ನು ನಾಲ್ಕೂವರೆ ಅಡಿ ಎಂದೇ ಹಿಡಿಯಿರಿ. ಸುಮಾರು 3,800 ಲೀಟರ್ ಆಯಿತು. ನಾಲ್ಕು ಜನರಿಗೆ ಸಾಕು. ಆದರೆ ಮೇಲಿನ ಮನೆಯವರೂ ಅದೇ ಸಂಪ್ ಬಳಸುತ್ತಾರೆ ಎಂದಾದರೆ ಅರ್ಧಕ್ಕೆ ಇಳಿಯುತ್ತದೆ, ಆಗ ಸಾಲುವುದಿಲ್ಲ.

ಮಾಲೀಕರನ್ನು ಕೇಳಿದರೆ "ನೀರಿಂದೇನ್ ತ್ರಾಸಿಲ್ರಿ" ಎನ್ನುತ್ತಾರೆ. ಅವರನ್ನು ಬಿಟ್ಟು ಪಕ್ಕದ ಮನೆಯ ಅಕ್ಕನವರನ್ನು ಕೇಳಿ. ನೀರು ಬರುತ್ತದಾ ಎಂದು ಕೇಳಬೇಡಿ, ಉತ್ತರ ಯಾವಾಗಲೂ ಹೌದು ಎಂದೇ ಇರುತ್ತದೆ. "ಹಿಂದಿನ ಸಲ ನೀರು ಯಾವಾಗ ಬಿಟ್ಟಿದ್ರಿ? ಎಷ್ಟ್ ತಾಸು ಇತ್ತು?" ಎಂದು ಕೇಳಿ. ಆಗ ದಿನ, ವೇಳೆ ಎರಡೂ ಸಿಗುತ್ತವೆ. ನೀರು ರಾತ್ರಿ ಬರುತ್ತದಾ, ತಾನಾಗಿಯೇ ಸಂಪಿಗೆ ಬೀಳುತ್ತದಾ ಎಂದೂ ತಿಳಿದುಕೊಳ್ಳಿ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಇದು ಬಾಡಿಗೆಗಿಂತ ದೊಡ್ಡ ವಿಷಯ.

ಬೋರ್‌ವೆಲ್ ಇದೆ ಎಂದರೆ ಒಂದು ಲೋಟ ನೀರು ಹಿಡಿದು ಸೋಪು ಉಜ್ಜಿ ನೋಡಿ. ನೊರೆ ಬಾರದಿದ್ದರೆ ಗಡಸು ನೀರು. ಪಾತ್ರೆ ತೊಳೆಯಲು ನಡೆಯುತ್ತದೆ. ಬೇಳೆ ಬೇಗ ಬೇಯುವುದಿಲ್ಲ, ಗೀಸರ್ ಬೇಗ ಕೆಡುತ್ತದೆ.

ಎರಡನೆಯ ಪರೀಕ್ಷೆ ಮಣ್ಣಿನದು. ಹುಬ್ಬಳ್ಳಿಯ ಅಂಚಿನ ಎಷ್ಟೋ ಹೊಸ ಬಡಾವಣೆಗಳು ಎರೆಮಣ್ಣಿನ (ಕಪ್ಪು ಮಣ್ಣಿನ) ಮೇಲಿವೆ. ಈ ಮಣ್ಣು ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅಡಿಪಾಯ ಸರಿಯಾಗಿ ಹಾಕದ ಮನೆ ಅದರ ಜೊತೆ ಅಲುಗಾಡುತ್ತದೆ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಎದ್ದ ಬಿರುಕು, ಚೌಕಟ್ಟಿಗೆ ಸರಿಯಾಗಿ ಕೂರದ ಬಾಗಿಲು ಕಂಡರೆ ಬೇರೆ ಮನೆ ನೋಡಿ. ಮನೆ ಮುಂದಿನ ರಸ್ತೆಗೆ ಡಾಂಬರು ಬಿದ್ದಿದೆಯೇ ಎಂಬುದೂ ಇಲ್ಲಿ ದೊಡ್ಡ ಪ್ರಶ್ನೆ. ಮಳೆಗಾಲದಲ್ಲಿ ಎರೆಮಣ್ಣಿನ ರಸ್ತೆಯಲ್ಲಿ ಸ್ಕೂಟರ್ ಚಕ್ರವೇ ತಿರುಗುವುದಿಲ್ಲ.

ಜಾಗದ ಬಗ್ಗೆ ಒಂದೇ ಮಾತು: ಕೆಲಸ ಎಲ್ಲಿದೆಯೋ ಆ ಊರಲ್ಲೇ ಇರಿ. ಎರಡೂ ಊರಿನ ನಡುವೆ ಸುಮಾರು 20 ಕಿಲೋಮೀಟರ್ ಇದೆ. ದಿನಕ್ಕೆರಡು ಸಲ ಓಡಾಡುತ್ತ ಹೊಸ ಊರಿಗೆ ಹೊಂದಿಕೊಳ್ಳುವುದು ಕಷ್ಟ. ಧಾರವಾಡದ ಸಪ್ತಾಪುರದ ಸುತ್ತ ಕೋಚಿಂಗ್‌ಗೆ ಬರುವ ಹುಡುಗರ ದಟ್ಟಣೆ ಇರುವುದರಿಂದ ಅಲ್ಲಿ ಸಂಸಾರಸ್ಥರಿಗೆ ಮನೆ ಸಿಗುವುದು ನಿಧಾನ.

ಅಪಾಯದ ಗುರುತು: ಆನ್‌ಲೈನ್‌ನಲ್ಲಿ ಮನೆ ತೋರಿಸಿ, ತಾನು ಸೇನೆಯಲ್ಲಿದ್ದೇನೆ ಎಂದು ಹೇಳಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮುಂಗಡ ವಾಪಸ್ ಬರುತ್ತದೆ ಎನ್ನುವವರು ಮೋಸಗಾರರು. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನಿಮ್ಮ ಖಾತೆಯಿಂದ ಹಣ ಹೋಗುತ್ತದೆ, ಬರುವುದಿಲ್ಲ. ಮನೆಯೊಳಗೆ ಕಾಲಿಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

## 2. ಅಗ್ರಿಮೆಂಟ್: ಇದೇ ಮೂಲ ಕಾಗದ

ಮುಂದಿನ ಎಲ್ಲ ವಿಳಾಸ ಬದಲಾವಣೆಗೂ ಇದೇ ಆಧಾರ. ಹಾಗಾಗಿ ಅಗ್ರಿಮೆಂಟ್ ಇಲ್ಲದೆ ಬಾಯಿಮಾತಿನಲ್ಲಿ ಮನೆ ಕೊಡುತ್ತೇನೆ ಎನ್ನುವವರು ಎಷ್ಟೇ ಒಳ್ಳೆಯವರಾದರೂ ಆ ಮನೆ ನಿಮಗಲ್ಲ. ಸಾಮಾನ್ಯವಾಗಿ 11 ತಿಂಗಳಿಗೆ ಬರೆಯುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕು ಎಂಬ ಕಾನೂನೇ ಇದಕ್ಕೆ ಕಾರಣ.

ಬರೆಸುವಾಗ ನಾಲ್ಕು ಕಡೆ ಕಣ್ಣಿಡಿ. ನಿಮ್ಮ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಹಳೆಯ ಮೈಸೂರು ಕಡೆಯವರ ಹೆಸರಿಗೆ ಇನಿಶಿಯಲ್ ಇರುತ್ತದೆ. ಒಂದು ಕಾಗದದಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಅದರ ಪೂರ್ತಿ ರೂಪ ಬಂದರೆ ಅರ್ಜಿ ತಿರಸ್ಕೃತವಾಗುತ್ತದೆ. ಇಲ್ಲಿನ ಟೈಪಿಸ್ಟ್‌ಗಳು ಅಡ್ಡಹೆಸರು ಕೇಳುತ್ತಾರೆ. ಇಲ್ಲದ ಅಡ್ಡಹೆಸರನ್ನು ಊರಿನ ಹೆಸರಿಂದ ತುಂಬಿಸಿಕೊಳ್ಳಬೇಡಿ. ಮನೆ ನಂಬರ್, ಕ್ರಾಸ್, ಬಡಾವಣೆ, ಪಿನ್‌ಕೋಡ್ ಪೂರ್ತಿ ಇರಲಿ. ಪ್ರತಿ ಪುಟಕ್ಕೂ ಇಬ್ಬರ ಸಹಿ ಬೀಳಲಿ. ಡಿಪಾಸಿಟ್ ಎಷ್ಟು, ಬಿಡುವಾಗ ಎಷ್ಟು ದಿನದಲ್ಲಿ ವಾಪಸ್, ಪೇಂಟಿಂಗ್‌ಗೆ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಅಂಕಿಯಲ್ಲೇ ಬರೆಸಿ.

ಮಾಲೀಕರಿಗೆ ಗುರುತಿನ ಪುರಾವೆ ಕೊಡುವಾಗ ಮಾಸ್ಕ್ ಮಾಡಿದ ಆಧಾರ್ ಕೊಡಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ.

## 3. ಹಳೆಯ ಊರಲ್ಲೇ ಮುಗಿಸಬೇಕಾದದ್ದು

ಅಲ್ಲಿಂದ ಹೊರಟ ಮೇಲೆ ಇವುಗಳಲ್ಲಿ ಒಂದೊಂದಕ್ಕೂ ಒಂದು ರಜೆ ಹಾಳಾಗುತ್ತದೆ.

ಗ್ಯಾಸ್. ಬೇರೆ ಊರಿಗೆ ಹೋಗುವಾಗ ಸಿಲಿಂಡರ್ ಮತ್ತು ರೆಗ್ಯುಲೇಟರ್ ಎರಡನ್ನೂ ಹಳೆಯ ಏಜೆನ್ಸಿಗೆ ಒಪ್ಪಿಸಬೇಕು. ಅವರು ನೀವು ಕಟ್ಟಿದ್ದ ಡಿಪಾಸಿಟ್ ವಾಪಸ್ ಕೊಟ್ಟು ಟರ್ಮಿನೇಷನ್ ವೋಚರ್ ಕೊಡುತ್ತಾರೆ. ಆ ಕಾಗದವನ್ನು ಜೋಪಾನ ಮಾಡಿ, ಅದನ್ನು ತೋರಿಸಿಯೇ ಇಲ್ಲಿ ಮತ್ತೆ ಸಂಪರ್ಕ ಪಡೆಯುವುದು. ಒಲೆ, ಪೈಪು ನಿಮ್ಮದೇ. ಇಲ್ಲಿ ಈಗಿನ ದರದ ಡಿಪಾಸಿಟ್ ಕಟ್ಟಬೇಕು. ಹಳೆಯ ಸಂಪರ್ಕವಾದರೆ ವಾಪಸ್ ಬಂದದ್ದಕ್ಕಿಂತ ಇದು ಜಾಸ್ತಿಯೇ ಇರುತ್ತದೆ, ಗಾಬರಿಯಾಗಬೇಡಿ. ತುಂಬಿದ ಸಿಲಿಂಡರನ್ನು ಸಾಮಾನಿನ ಲಾರಿಯಲ್ಲಿ ಹಾಕಿ ತರುವುದು ಮಾತ್ರ ಖಂಡಿತ ಬೇಡ.

ಶಾಲೆ. ಟಿಸಿ ಕೈಗೆ ಬಂದರೆ ಸಾಲದು. ರಾಜ್ಯದ ಶಾಲೆಗಳಲ್ಲಿ ಪ್ರತಿ ಮಗುವಿಗೂ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ಕಂಪ್ಯೂಟರ್ ದಾಖಲೆಯ ಸಂಖ್ಯೆ) ಇರುತ್ತದೆ. ಹಳೆಯ ಶಾಲೆ ಕಂಪ್ಯೂಟರ್‌ನಲ್ಲಿ ಮಗುವನ್ನು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಯವರಿಗೆ ಸೇರಿಸಿಕೊಳ್ಳಲು ತೊಡಕಾಗುತ್ತದೆ. ಆಫೀಸಿನಲ್ಲಿ ನಿಂತು, ಆಗಿದೆ ಎಂದು ಖಾತ್ರಿ ಮಾಡಿಕೊಂಡೇ ಹೊರಡಿ. ಸ್ಯಾಟ್ಸ್ ನಂಬರ್ ಬರೆದುಕೊಳ್ಳಿ.

ಕರೆಂಟ್. ಹಳೆಯ ಮನೆಗೆ ಗೃಹಜ್ಯೋತಿ ನಿಮ್ಮ ಆಧಾರ್ ಮೇಲೆ ಇದ್ದರೆ ಸೇವಾಸಿಂಧುವಿನಲ್ಲಿ ಅದನ್ನು ಬಿಡಿಸಿ. ಒಂದು ಆಧಾರ್‌ಗೆ ಒಂದೇ ಮೀಟರ್. ಇದನ್ನು ಮರೆತವರೇ ಹೆಚ್ಚು. ಕೊನೆಯ ದಿನ ಮೀಟರ್ ರೀಡಿಂಗ್‌ನ ಫೋಟೋ ತೆಗೆದು ಹಳೆಯ ಮಾಲೀಕರಿಗೆ ಕಳಿಸಿ.

ಅಂಚೆ. ನಿಮ್ಮ ಬಡಾವಣೆಯ ಅಂಚೆ ಕಚೇರಿಗೆ ಹೊಸ ವಿಳಾಸ ಬರೆದುಕೊಟ್ಟರೆ ಕೆಲವು ಕಾಲ ಪತ್ರಗಳನ್ನು ಈ ಕಡೆ ತಿರುಗಿಸುತ್ತಾರೆ.

ಲಾರಿ. ಸಾಮಾನಿನ ಪಟ್ಟಿ, ಒಟ್ಟು ದರ, ಇಳಿಸುವ ಕೂಲಿ ಸೇರಿದೆಯೋ ಇಲ್ಲವೋ ಎಂಬುದು ಬರಹದಲ್ಲಿರಲಿ. ತೀರಾ ಕಡಿಮೆ ದರ ಹೇಳಿ, ಸಾಮಾನು ಏರಿದ ಮೇಲೆ ಜಾಸ್ತಿ ಕೊಡದೆ ಇಳಿಸುವುದಿಲ್ಲ ಎನ್ನುವುದು ಈ ವ್ಯವಹಾರದ ಹಳೆಯ ಆಟ. ಜಿಎಸ್‌ಟಿ ಬಿಲ್ ಕೊಡಲು ಹಿಂದೇಟು ಹಾಕುವವರನ್ನು ಅಲ್ಲೇ ಬಿಡಿ. ಪೂರ್ತಿ ಹಣ ಮೊದಲೇ ಕೊಡಬೇಡಿ.

## 4. ಮೊದಲ ಮೂರು ದಿನ: ಬಾಕ್ಸ್ ಬಿಚ್ಚುವುದು ಆಮೇಲೆ

ಆದಷ್ಟು ನೀರು ಬರುವ ದಿನದ ಹಿಂದಿನ ದಿನ ಊರು ತಲುಪಿ. ಅಷ್ಟರಲ್ಲಿ ಸಂಪ್ ಮತ್ತು ಮೇಲಿನ ಸಿಂಟೆಕ್ಸ್ ತೊಳೆಸಿಬಿಡಬಹುದು. ನೀರು ತುಂಬಿದ ಮೇಲೆ ತೊಳೆಯಲು ಹೊರಟರೆ ಮತ್ತೊಂದು ವಾರ ಕಾಯಬೇಕು. ಖಾಲಿ ಬಿದ್ದ ಮನೆಯ ಸಂಪಿಗೆ ಇಳಿಯುವ ಮುಂಚೆ ಮುಚ್ಚಳ ತೆಗೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಡಿ. ಒಳಗೆ ಇಳಿಯುವಾಗ ಮೇಲೆ ಒಬ್ಬರು ನಿಂತಿರಲೇಬೇಕು, ಮೋಟರ್ ಸ್ವಿಚ್ ಆರಿಸಿರಬೇಕು. ಮುಚ್ಚಿದ ಸಂಪಿನಲ್ಲಿ ಉಸಿರುಗಟ್ಟಿ ಪ್ರಾಣ ಹೋದ ಸುದ್ದಿಗಳು ಬರುತ್ತಲೇ ಇರುತ್ತವೆ. ಆಳದ ಸಂಪ್ ಆದರೆ ಕೆಲಸ ಗೊತ್ತಿರುವವರನ್ನೇ ಕರೆಸಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮುಚ್ಚಳಕ್ಕೆ ಬೀಗ ಹಾಕಿಸಿ.

ಕುಡಿಯುವ ನೀರಿಗೆ ಹತ್ತಿರದ ಶುದ್ಧ ನೀರಿನ ಘಟಕ ಎಲ್ಲಿದೆ ಎಂದು ಮೊದಲ ದಿನವೇ ಕೇಳಿಕೊಳ್ಳಿ. ಎರಡು ಕ್ಯಾನ್ ಇದ್ದರೆ ಸಾಕು.

ಮೊದಲ ದಿನವೇ ತೆಗೆಯಬೇಕಾದ ಫೋಟೋಗಳಿವೆ. ಮೀಟರ್ ರೀಡಿಂಗ್, ಗೋಡೆಯ ಕಲೆ, ಒಡೆದ ಟೈಲ್ಸ್, ಸೋರುವ ನಲ್ಲಿ, ಕಿಟಕಿ ಗಾಜು. ಎಲ್ಲವನ್ನೂ ಅದೇ ಸಂಜೆ ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡಿ. ಬಿಡುವಾಗ ಡಿಪಾಸಿಟ್ ಮುರಿದುಕೊಳ್ಳುವ ಜಗಳಕ್ಕೆ ಇದೇ ಮದ್ದು.

ಬಾಗಿಲಿನ ಬೀಗ ಬದಲಿಸಿ. ಗ್ಯಾಸ್ ಬರುವವರೆಗೆ ಇಂಡಕ್ಷನ್ ಒಲೆ ನಡೆಯುತ್ತದೆ. ಆದರೆ ಹಳೆಯ ಮನೆಯ ವೈರಿಂಗ್ ಇದ್ದರೆ ಗೀಸರ್, ಇಂಡಕ್ಷನ್ ಒಟ್ಟಿಗೆ ಹಾಕಬೇಡಿ.

## 5. ಹೆಸ್ಕಾಂ ಬಿಲ್ ಮತ್ತು ಗೃಹಜ್ಯೋತಿ

ಬೆಸ್ಕಾಂ, ಸೆಸ್ಕ್ ಬಿಲ್ ಕಟ್ಟಿ ರೂಢಿಯಾದವರಿಗೆ ಇಲ್ಲಿ ಹೆಸ್ಕಾಂ. ಕರೆಂಟ್ ಹೋದರೆ 1912ಕ್ಕೆ ಕರೆ ಮಾಡಿ. ಮಾಲೀಕರಿಂದ ಹಿಂದಿನ ತಿಂಗಳ ಬಿಲ್ ಪಡೆಯಿರಿ. ಅದರಲ್ಲಿ ಎರಡು ವಿಷಯ ನೋಡಿ: ಬಾಕಿ ಇದೆಯೇ, ಅಕೌಂಟ್ ಐಡಿ ಎಷ್ಟು. ಬಾಕಿ ಇದ್ದರೆ ನೀವು ಬರುವ ಮುಂಚೆ ಅವರೇ ಕಟ್ಟಬೇಕು.

ಗೃಹಜ್ಯೋತಿಗೆ ಬಾಡಿಗೆದಾರರೂ ಅರ್ಜಿ ಹಾಕಬಹುದು. ಆದರೆ ಆ ಮೀಟರ್‌ಗೆ ಹಿಂದಿನ ಬಾಡಿಗೆದಾರರ ಅಥವಾ ಮಾಲೀಕರ ಆಧಾರ್ ಇನ್ನೂ ಜೋಡಿಸಿದ್ದರೆ ಅವರು ಬಿಡಿಸಿದ ಮೇಲೆಯೇ ನಿಮ್ಮದು ಸೇರುತ್ತದೆ. ಅಗ್ರಿಮೆಂಟ್‌ಗೆ ಸಹಿ ಹಾಕುವ ದಿನವೇ ಇದನ್ನು ಮಾಡಿಸಿಕೊಂಡರೆ ಸಲೀಸು. ಆಮೇಲೆ ಅವರನ್ನು ಹುಡುಕಿಕೊಂಡು ಹೋಗುವುದು ಕಷ್ಟ.

200 ಯೂನಿಟ್ ಪೂರ್ತಿ ಉಚಿತ ಎಂದುಕೊಂಡು ಬಿಲ್ ನೋಡಿ ಬೇಜಾರಾಗುವವರಿದ್ದಾರೆ. ಉಚಿತ ಯೂನಿಟ್ ನಿಂತಿರುವುದು ಆ ಮನೆಯ 2022–23ರ ಸರಾಸರಿ ಬಳಕೆಯ ಮೇಲೆ, ಅದಕ್ಕೆ ಸ್ವಲ್ಪ ಯೂನಿಟ್ ಸೇರಿಸಿರುತ್ತಾರೆ. ಆಗ ಆ ಮನೆಯಲ್ಲಿ ಒಬ್ಬರೇ ಇದ್ದಿದ್ದರೆ ನಿಮ್ಮ ಮಿತಿ ಸಣ್ಣದಾಗುತ್ತದೆ. ಮಿತಿ ದಾಟಿದ ಯೂನಿಟ್‌ಗೆ ಮಾತ್ರ ಹಣ ಕಟ್ಟಬೇಕು. ಬಳಕೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಎರಡು ಮನೆಗೆ ಒಂದೇ ಮೀಟರ್ ಇರುವ ಕಡೆ ಪ್ರತಿ ತಿಂಗಳೂ ಈ 200ರ ಗೆರೆ ದಾಟುತ್ತದೆ, ಜಗಳವೂ ತಪ್ಪುವುದಿಲ್ಲ. ಸಂಪಿನ ಮೋಟರ್ ಯಾರ ಮೀಟರ್‌ನಲ್ಲಿದೆ ಎಂದು ಕೇಳುವುದನ್ನೂ ಮರೆಯಬೇಡಿ.

## 6. ಕಾಗದಗಳು: ಒಂದರ ಹಿಂದೆ ಒಂದು

ಎಲ್ಲರೂ ಮೊದಲು ಆಧಾರ್‌ಗೆ ಓಡುತ್ತಾರೆ. ಪುರಾವೆಯೇ ಇಲ್ಲದೆ ಓಡಿದರೆ ವಾಪಸ್ ಬರಬೇಕು. ಕರೆಂಟ್ ಬಿಲ್ ಮಾಲೀಕರ ಹೆಸರಿನಲ್ಲಿರುತ್ತದೆ, ಅದು ನಿಮಗೆ ನೆರವಾಗುವುದಿಲ್ಲ. ಹಾಗಾಗಿ ಸರಿಯಾದ ಕ್ರಮ ಹೀಗಿದೆ.

ಗ್ಯಾಸ್ ಮೊದಲು. ಟರ್ಮಿನೇಷನ್ ವೋಚರ್, ಅಗ್ರಿಮೆಂಟ್ ಹಿಡಿದು ಹತ್ತಿರದ ಏಜೆನ್ಸಿಗೆ ಹೋಗಿ. ಇದರಿಂದ ಅಡುಗೆಯ ಚಿಂತೆ ತೀರುವುದಲ್ಲದೆ, ನಿಮ್ಮ ಹೆಸರು ಮತ್ತು ಹೊಸ ವಿಳಾಸ ಇರುವ ಮೊದಲ ಬಿಲ್ ಕೈಗೆ ಬರುತ್ತದೆ.

ಬ್ಯಾಂಕ್ ಎರಡನೆಯದು. ವಾಸದ ವಿಳಾಸ ಆಧಾರ್‌ನಲ್ಲಿ ಇರುವುದಕ್ಕಿಂತ ಬೇರೆಯಾಗಿದ್ದರೆ, ಆಧಾರ್ ಮೂಲಕ ಕೆವೈಸಿ ಮಾಡಿಸಿದವರು ಸ್ವಂತ ಘೋಷಣೆ ಬರೆದುಕೊಡಲು ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶವಿದೆ. ಜೊತೆಗೆ ಅಗ್ರಿಮೆಂಟ್ ಜೆರಾಕ್ಸ್ ಕೊಟ್ಟರೆ ಮಾತು ಬೆಳೆಯುವುದಿಲ್ಲ. ಹೊಸ ವಿಳಾಸ ಮುದ್ರಿಸಿದ ಪಾಸ್‌ಬುಕ್‌ಗೆ ಫೋಟೋ, ಸೀಲು, ಸಹಿ ಹಾಕಿಸಿಕೊಳ್ಳಿ. ಶಾಖೆಯನ್ನೇ ಬದಲಿಸುವ ಅಗತ್ಯ ಎಲ್ಲರಿಗೂ ಇಲ್ಲ. ಬದಲಿಸಿದರೆ ಐಎಫ್‌ಎಸ್‌ಸಿ ಕೋಡ್ ಬದಲಾಗುತ್ತದೆ, ಸಂಬಳದ ವಿಭಾಗಕ್ಕೆ ತಿಳಿಸಬೇಕು.

ಆಧಾರ್ ಮೂರನೆಯದು. ಮೈ ಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ, ಪುರಾವೆಯ ಸ್ಕ್ಯಾನ್ ಏರಿಸಿ. ಫೋನಿನಲ್ಲಿ ವಾರೆಯಾಗಿ ತೆಗೆದ ಮಸುಕಾದ ಫೋಟೋ ಏರಿಸುವುದೇ ತಿರಸ್ಕಾರಕ್ಕೆ ದೊಡ್ಡ ಕಾರಣ. ಅಂಗಡಿಯಲ್ಲಿ ಬಣ್ಣದ ಸ್ಕ್ಯಾನ್ ಮಾಡಿಸಿ. ಮೊದಲು ಒಬ್ಬರದನ್ನು ಬದಲಿಸಿ. ಅದು ಒಪ್ಪಿಗೆಯಾದ ಮೇಲೆ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆತಾಯಿ ಅವರ ವಿಳಾಸವನ್ನು "ಕುಟುಂಬದ ಮುಖ್ಯಸ್ಥ" ಎಂಬ ಆಯ್ಕೆಯ ಮೂಲಕ ಬದಲಿಸಬಹುದು. ಮೊದಲು ಬದಲಿಸಿಕೊಂಡವರು 30 ದಿನದೊಳಗೆ ಆನ್‌ಲೈನ್‌ನಲ್ಲಿ ಒಪ್ಪಿಗೆ ಕೊಡಬೇಕು. ಪುರಾವೆ ಒಬ್ಬರ ಹೆಸರಲ್ಲೇ ಇದ್ದರೂ ಇಡೀ ಮನೆಯವರದು ಹೀಗೆ ಆಗುತ್ತದೆ.

ರೇಷನ್ ಕಾರ್ಡ್. ಇದರಲ್ಲಿ ಅವಸರ ಬೇಡ. ಕಾರ್ಡ್ ಇರುವವರು ಬೆರಳಚ್ಚು ಕೊಟ್ಟು ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಪಡಿತರ ಪಡೆಯಬಹುದು. ಹಳೆಯ ಕಾರ್ಡ್ ರದ್ದು ಮಾಡಿಸಿ ಹೊಸದಕ್ಕೆ ಅರ್ಜಿ ಹಾಕಬೇಡಿ. ಹೊಸ ಕಾರ್ಡ್ ಸಿಗಲು ಎಷ್ಟು ಕಾಲವಾದರೂ ಆಗಬಹುದು, ಗೃಹಲಕ್ಷ್ಮಿ ಹಣವೂ ಆ ಕಾರ್ಡಿನ ಮೇಲೇ ನಿಂತಿದೆ. ತಿದ್ದುಪಡಿಗೆ ಅವಕಾಶ ಬಿಟ್ಟಾಗ ವಿಳಾಸ ಮಾತ್ರ ಬದಲಿಸಿ.

ಮತದಾರರ ಪಟ್ಟಿ. ಬೇಕಾದದ್ದು ನಮೂನೆ 8. ನಮೂನೆ 6 ಹೊಸ ಮತದಾರರಿಗೆ. ಗೊತ್ತಿಲ್ಲದೆ 6 ತುಂಬಿದರೆ ಎರಡು ಊರಲ್ಲಿ ಹೆಸರು ಸೇರಿಕೊಳ್ಳಬಹುದು. ಹಾಗೆ ಇರುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ಮತಗಟ್ಟೆ ಅಧಿಕಾರಿ ಮನೆಗೆ ಬಂದಾಗ ಬಾಗಿಲು ಹಾಕಿದ್ದರೆ ಅರ್ಜಿ ನಿಂತುಹೋಗಬಹುದು, ಆದ್ದರಿಂದ ಸರಿಯಾದ ಫೋನ್ ನಂಬರ್ ಕೊಡಿ. ಅನುಮಾನವಿದ್ದರೆ 1950ಕ್ಕೆ ಕರೆ ಮಾಡಿ.

ಗಾಡಿ. ಕೆಎ 09 ಅಥವಾ ಕೆಎ 05 ನಂಬರನ್ನು ಧಾರವಾಡದ ಕೆಎ 25ಕ್ಕೋ ಹುಬ್ಬಳ್ಳಿಯ ಕೆಎ 63ಕ್ಕೋ ಬದಲಿಸಬೇಕಾಗಿಲ್ಲ. ರಾಜ್ಯದೊಳಗೆ ನಂಬರ್ ಅದೇ ಇರುತ್ತದೆ, ತೆರಿಗೆಯನ್ನೂ ಮತ್ತೆ ಕಟ್ಟಬೇಕಾಗಿಲ್ಲ. ಆರ್‌ಸಿಯಲ್ಲಿ ವಿಳಾಸ ಮಾತ್ರ ಬದಲಾಗಬೇಕು. ಕಾನೂನಿನ ಪ್ರಕಾರ ಇದಕ್ಕೆ 30 ದಿನ. ನಂಬರ್ ಬದಲಿಸಿಕೊಡುತ್ತೇನೆ ಎಂದು ಹಣ ಕೇಳುವ ಏಜೆಂಟರ ಮಾತಿಗೆ ಬೀಳಬೇಡಿ. ಗಾಡಿಯ ವಿಮೆಯಲ್ಲೂ ವಿಳಾಸ ತಿದ್ದಿಸಿ.

## 7. ಮಕ್ಕಳ ಶಾಲೆ

ಮನೆಯಿಂದ ದೂರ ನೋಡಿ, ಆಮೇಲೆ ಶಾಲೆಯ ಹೆಸರು ನೋಡಿ. 14 ವರ್ಷದೊಳಗಿನ ಮಕ್ಕಳಿಗೆ ಟಿಸಿ ತಡವಾಯಿತು ಎಂಬ ಕಾರಣಕ್ಕೆ ಸರ್ಕಾರಿ, ಅನುದಾನಿತ ಶಾಲೆಗಳು 8ನೇ ತರಗತಿವರೆಗೆ ಪ್ರವೇಶ ನಿರಾಕರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಇದನ್ನೇ ಹೇಳುತ್ತದೆ. ಆದರೂ ಮೂರನೇ ಹಂತದ ಸ್ಯಾಟ್ಸ್ ಕೆಲಸ ಆಗಿದ್ದರೆ ವಾದವೇ ಬೇಕಿಲ್ಲ.

ಮೊದಲ ವಾರಗಳಲ್ಲಿ ಮಗು ತರಗತಿಯಲ್ಲಿ ಸುಮ್ಮನೆ ಕೂರಬಹುದು. ಗೆಳೆಯರ ಮಾತಿನ ಧಾಟಿ ಬೇರೆ, ನಗುವ ವಿಷಯ ಬೇರೆ. ಮನೆಯಲ್ಲಿ ಇಲ್ಲಿನ ಮಾತನ್ನು ಅಣಕಿಸಿ ಆಡಬೇಡಿ. ದೊಡ್ಡವರು ತಮಾಷೆಗೆ ಆಡಿದ್ದನ್ನು ಮಕ್ಕಳು ಶಾಲೆಯಲ್ಲಿ ಆಡುತ್ತಾರೆ, ಒಂಟಿಯಾಗುತ್ತಾರೆ. ಊಟದ ಡಬ್ಬಿ ಹಾಗೇ ವಾಪಸ್ ಬರುವುದು, ಬೆಳಿಗ್ಗೆ ಹೊಟ್ಟೆನೋವು ಎನ್ನುವುದು ತಿಂಗಳು ದಾಟಿದರೆ ಟೀಚರ್ ಹತ್ತಿರ ಕೂತು ಮಾತನಾಡಿ.

## 8. ಓಡಾಟ, ಆಸ್ಪತ್ರೆ

ಎರಡೂ ಊರಿನ ನಡುವೆ ರಸ್ತೆ ಮಧ್ಯದ ಪ್ರತ್ಯೇಕ ಪಥದಲ್ಲಿ ಚಿಗರಿ ಬಸ್ಸುಗಳು ಓಡುತ್ತವೆ. ಎಲ್ಲ ಬಸ್ಸೂ ಎಲ್ಲ ಕಡೆ ನಿಲ್ಲುವುದಿಲ್ಲ, ಹತ್ತುವ ಮುಂಚೆ ನಿಮ್ಮ ನಿಲ್ದಾಣ ಕೇಳಿಕೊಳ್ಳಿ. ಆ ಪಥದೊಳಗೆ ನಿಮ್ಮ ಗಾಡಿ ನುಗ್ಗಿಸಬೇಡಿ. ದಂಡದ ಮಾತು ಹಾಗಿರಲಿ, ಜೀವಕ್ಕೇ ಅಪಾಯ.

ಜ್ವರ ಬಂದ ರಾತ್ರಿ ಆಸ್ಪತ್ರೆ ಹುಡುಕಬಾರದು. ಮೊದಲ ಭಾನುವಾರವೇ ಗಾಡಿಯಲ್ಲಿ ಹೋಗಿ ದಾರಿ ನೋಡಿಕೊಂಡು ಬನ್ನಿ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಲ್ಲರೂ ಕಿಮ್ಸ್ ಎಂದೇ ಕರೆಯುವ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ, ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ನಡುವೆ ಸತ್ತೂರಿನಲ್ಲಿ ಎಸ್‌ಡಿಎಂ ಇದೆ. ಮನೆಯಲ್ಲಿ ಬಿಪಿ, ಶುಗರ್ ಇರುವವರಿದ್ದರೆ ಎರಡು ತಿಂಗಳ ಮಾತ್ರೆ, ಹಳೆಯ ಡಾಕ್ಟರ ಚೀಟಿ ಜೊತೆಯಲ್ಲೇ ತನ್ನಿ. ಆಂಬುಲೆನ್ಸ್‌ಗೆ 108, ಪೊಲೀಸ್ ಸಹಾಯಕ್ಕೆ 112.

## 9. ಅಡುಗೆಮನೆ

ರಾಗಿ ಹಿಟ್ಟು, ನಿಮ್ಮ ರುಚಿಯ ಕಾಫಿಪುಡಿ ಎರಡು ತಿಂಗಳಿಗಾಗುವಷ್ಟು ತಂದುಕೊಳ್ಳಿ. ಸಿಗುವುದೇ ಇಲ್ಲ ಎಂದಲ್ಲ, ಹೊಸಬರಿಗೆ ಒಳ್ಳೆಯದು ಸಿಗುವ ಅಂಗಡಿ ಗೊತ್ತಾಗಲು ಕಾಲ ಬೇಕು. ಅಷ್ಟರಲ್ಲಿ ಜೋಳದ ರೊಟ್ಟಿ ರೂಢಿ ಮಾಡಿಕೊಳ್ಳಿ. ತಟ್ಟಲು ಬರದಿದ್ದರೆ ಚಿಂತೆಯಿಲ್ಲ. ಓಣಿಗೊಬ್ಬರು ರೊಟ್ಟಿ ಮಾಡಿ ಮಾರುವವರು ಇರುತ್ತಾರೆ, ಬಿಸಿಯದೂ ಸಿಗುತ್ತದೆ, ಒಣಗಿಸಿದ ಗರಿಗರಿ ಕಟಕ್ ರೊಟ್ಟಿಯೂ ಸಿಗುತ್ತದೆ. ಶೇಂಗಾ ಚಟ್ನಿ, ಗುರೆಳ್ಳು (ಹುಚ್ಚೆಳ್ಳು) ಚಟ್ನಿ ಜೊತೆಗಿದ್ದರೆ ಅವಸರದ ರಾತ್ರಿ ಅಡುಗೆಯೇ ಬೇಡ. ಗಿರಣಿ ಎಲ್ಲಿದೆ, ಸಂತೆ ಯಾವ ವಾರ ಎಂದು ಕಿರಾಣಿ ಅಂಗಡಿಯವರನ್ನೇ ಕೇಳಿ. ಒಂದೇ ಅಂಗಡಿಗೆ ಕೆಲವು ವಾರ ಸತತವಾಗಿ ಹೋಗಿ. ಹಾಲಿನವರು, ಪ್ಲಂಬರ್, ಮನೆಗೆಲಸದ ಅಕ್ಕ ಎಲ್ಲರ ನಂಬರ್ ಅಲ್ಲೇ ಸಿಗುತ್ತದೆ.

## 10. ಓಣಿಯ ಮಂದಿ

ಕಾಗದಗಳಷ್ಟೇ ಗಂಭೀರವಾಗಿ ಇದನ್ನೂ ಮಾಡಿ. ಬಂದ ದಿನ ಸಂಜೆ ಎಡಬಲದ ಮನೆಗಳಿಗೆ ನೀವೇ ಹೋಗಿ ಪರಿಚಯ ಹೇಳಿ. ಯಾವ ಊರು, ಏನು ಕೆಲಸ, ಮಕ್ಕಳೆಷ್ಟು ಎಂದು ನೇರವಾಗಿ ಕೇಳುತ್ತಾರೆ. ಕೆದಕುವುದಕ್ಕಲ್ಲ, ಮಾತು ಶುರುಮಾಡುವ ರೀತಿ ಅದು. "ಬರ್ರಿ, ಕುಂದರ್ರಿ, ಚಾ ಕುಡೀರಿ" ಎಂದರೆ ಕೂತು ಕುಡಿಯಿರಿ. ಆಮೇಲೆ ಬರುತ್ತೇನೆ ಎಂದು ಎರಡು ಸಲ ಹೊರಟರೆ ಮೂರನೇ ಸಲ ಕರೆಯಲು ಅವರಿಗೆ ಮುಜುಗರ. ಧ್ವನಿ ಜೋರಾಗಿದ್ದರೆ ಸಿಟ್ಟು ಎಂದುಕೊಳ್ಳಬೇಡಿ. ನಿಮ್ಮ ಮೆತ್ತಗಿನ ಮಾತೂ ಅವರಿಗೆ ದೂರ ಇಟ್ಟಂತೆ ಕೇಳಬಹುದು. ಅಕ್ಕಾರ, ಅಣ್ಣಾರ, ಕಾಕಾರ, ಅಜ್ಜಾರ ಎಂದು ಕರೆಯಿರಿ, ಮಾತಿನ ಕೊನೆಗೆ "ರೀ" ಇರಲಿ. ಸರ್, ಮೇಡಂ ಆಫೀಸಿಗೆ ಸಾಕು.

ನೀರು ಬಿಟ್ಟ ಸುದ್ದಿ ಓಣಿಯಲ್ಲಿ ಬಾಯಿಂದ ಬಾಯಿಗೆ ಬರುತ್ತದೆ. ಈಗೀಗ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಬರುತ್ತದೆ. ಆ ಗುಂಪಿಗೆ ಮೊದಲ ವಾರವೇ ಸೇರಿಕೊಳ್ಳಿ. ನೀವು ಕೆಲಸದಲ್ಲಿದ್ದಾಗ ನಳ ತಿರುಗಿಸಿ ಸಂಪ್ ತುಂಬಿಸುವ ಒಬ್ಬರು ಪಕ್ಕದಲ್ಲಿದ್ದರೆ ಬೇಸಿಗೆ ದಾಟಿದಂತೆಯೇ.

ಹಬ್ಬಗಳಿಗೆ ತಯಾರಿರಿ. ನಾಗರ ಪಂಚಮಿ ಇಲ್ಲಿ ದೊಡ್ಡ ಹಬ್ಬ, ಅಕ್ಕಪಕ್ಕದಿಂದ ಡಬ್ಬಿ ತುಂಬ ಉಂಡಿ ಬರುತ್ತದೆ. ಡಬ್ಬಿಯನ್ನು ಖಾಲಿ ಕಳಿಸಬೇಡಿ. ನಿಮ್ಮ ಕಡೆಯ ಕಜ್ಜಾಯವೋ ಚಕ್ಕುಲಿಯೋ ಹಾಕಿ ಕಳಿಸಿ. ವಿಜಯದಶಮಿಯ ಸಂಜೆ ಬನ್ನಿ ಎಲೆ ಕೊಡಲು ಜನ ಮನೆಮನೆಗೆ ಬರುತ್ತಾರೆ, ಹಿರಿಯರಿಗೆ ಕೊಟ್ಟು ಕಾಲು ಮುಟ್ಟಿ ನಮಸ್ಕರಿಸುತ್ತಾರೆ. ಆ ಸಂಜೆ ಬಾಗಿಲು ಹಾಕಿ ಊರಿಗೆ ಹೋಗಬೇಡಿ. ಸಿಹಿ ಇಟ್ಟುಕೊಂಡು ಮನೆಯಲ್ಲಿರಿ, ನೀವೂ ಬನ್ನಿ ಹಿಡಿದು ಹೋಗಿ. ವರ್ಷಪೂರ್ತಿ ಮೆಟ್ಟಿಲಲ್ಲಿ ತಲೆಯಾಡಿಸಿ ಆಗದ ಪರಿಚಯ ಆ ಒಂದು ಸಂಜೆಯಲ್ಲಿ ಆಗುತ್ತದೆ.

## 11. ಒಂಬತ್ತನೇ ತಿಂಗಳ ಲೆಕ್ಕ

ಅಗ್ರಿಮೆಂಟ್ ಮುಗಿಯಲು ಎರಡು ತಿಂಗಳಿರುವಾಗ ಮುಂದುವರಿಸುವ ಮಾತು ಶುರುಮಾಡಿ. ಮುಂದುವರಿಯುವುದಾದರೆ ಹೊಸ ಅಗ್ರಿಮೆಂಟ್ ಬರೆಸಲೇಬೇಕು. ಹಳೆಯದರ ಮೇಲೇ ನಡೆಯಲಿ ಎಂದು ಬಿಟ್ಟರೆ ಮುಂದೆ ಪಾಸ್‌ಪೋರ್ಟ್‌ಗೋ ಸಾಲಕ್ಕೋ ಪುರಾವೆ ಕೇಳಿದಾಗ ಅವಧಿ ಮುಗಿದ ಕಾಗದ ಕೈಯಲ್ಲಿರುತ್ತದೆ. ಬಾಡಿಗೆ ಎಷ್ಟು ಏರುತ್ತದೆ ಎಂಬುದನ್ನೂ ಆಗಲೇ ಅಂಕಿಯಲ್ಲಿ ಬರೆಸಿ.

ಇಲ್ಲೇ ಜಾಗವೋ ಫ್ಲಾಟೋ ಕೊಳ್ಳುವ ಮನಸ್ಸಾದರೆ ಒಂದು ಮಳೆಗಾಲ, ಒಂದು ಬೇಸಿಗೆ ಬಾಡಿಗೆ ಮನೆಯಲ್ಲೇ ಕಳೆಯಿರಿ. ಏಪ್ರಿಲ್ ಕೊನೆಯಲ್ಲಿ ಆ ಬಡಾವಣೆಗೆ ಹೋಗಿ ನೀರು ಎಷ್ಟು ದಿನಕ್ಕೆ ಬರುತ್ತಿದೆ ಎಂದು ಕೇಳಿ. ಜುಲೈನಲ್ಲಿ ಮತ್ತೆ ಹೋಗಿ, ನಡೆದುಕೊಂಡೇ ಹೋಗಿ, ರಸ್ತೆಯ ಕೆಸರು ಎಷ್ಟು ಆಳವಿದೆ ನೋಡಿ. ಎರಡೂ ಸರಿ ಎನಿಸಿದ ಮೇಲೆ ಪಹಣಿ, ಖಾತೆ, ಬಡಾವಣೆ ಮಂಜೂರಾತಿಯ ಕಾಗದ ತರಿಸಿ ವಕೀಲರಿಗೆ ತೋರಿಸಿ.